ಭಾಂಡೆ ಅಂಗಡಿಯ ಕಾಕಾ ಮತ್ತು ಮುಳ್ಳಿನ ಬ್ಯಾಂಡ್

ಕಳೆದ ತಿಂಗಳು ನಿಪ್ಪಾಣಿಯ ಸಂತೆಯಲ್ಲಿ ಒಂದು ಕರಿ ಟೀ ಶರ್ಟು ಕಣ್ಣಿಗೆ ಬಿತ್ತು. ತಾಡಪತ್ರಿಯ ಮೇಲೆ ಗುಡ್ಡೆ ಹಾಕಿದ್ದ ಅಗ್ಗದ ಬಟ್ಟೆಗಳ ನಡುವೆ ಅದರ ಎದೆಯ ಭಾಗವಷ್ಟೇ ಹೊರಗೆ ಕಾಣುತ್ತಿತ್ತು. ಅಲ್ಲಿ ಜಾಲಿಮುಳ್ಳು ಹೆಣೆದಂತೆ ಬರೆದ ಒಂದು ಹೆಸರು. ಗೊತ್ತಿಲ್ಲದವರಿಗೆ ಅದು ಬರೀ ಮುಳ್ಳು. ನನಗೆ ಓದಲು ಬಂತು.

"ಇದ ಯಾರ ಹೆಸರ ಗೊತ್ತೈತೇನಪಾ?" ಎಂದು ಮಾರುವವನನ್ನು ಕೇಳಿದೆ.

"ಹೆಸರ ತಗೊಂಡ ಏನ್ ಮಾಡ್ತೀರಿ ಸರ? ಕರೀದ ಐತಿ, ಹೊಲಸಾದ್ರ ಕಾಣಂಗಿಲ್ಲ. ಒಯ್ರಿ."

ನಾನು ಒಯ್ಯಲಿಲ್ಲ. ಅದನ್ನು ಮಡಚಿ ಅಲ್ಲೇ ಇಟ್ಟು ಬಂದೆ. ಆದರೆ ಚಿಕ್ಕೋಡಿಗೆ ಬರುವ ಬಸ್ಸಿನಲ್ಲಿ ದಾರಿಯುದ್ದಕ್ಕೂ ನಮ್ಮ ಓಣಿಯ ಭಾಂಡೆ ಅಂಗಡಿಯ ಕಾಕಾ ನೆನಪಾಗುತ್ತ ಬಂದರು...

ನಮ್ಮ ಕಡೆ ಪಾತ್ರೆಗೆ ಭಾಂಡೆ ಎನ್ನುತ್ತಾರೆ. ಕಾಕಾ ಅವರದು ಜೈನರ ಮನೆತನ, ತಂದೆಯ ಕಾಲದಿಂದ ಸ್ಟೀಲು ಹಿತ್ತಾಳೆಯ ವ್ಯಾಪಾರ. ನಾನು ಕಾಲೇಜಿಗೆ ಹೋಗುವ ಹೊತ್ತಿಗೆ ಅವರು ಅಂಗಡಿಯ ಒಂದು ಮೂಲೆಯಲ್ಲಿ ಕ್ಯಾಸೆಟ್ ಇಟ್ಟಿದ್ದರು. ಮುಂದಿನ ಸಾಲಿನಲ್ಲಿ ಭಜನೆ, ಮದುವೆ ಹಾಡು, ಮರಾಠಿ ಲಾವಣಿ. ಹಿಂದಿನ ಸಾಲಿನಲ್ಲಿ ಪುಣೆಯಿಂದ ತರಿಸಿದ ಥ್ರ್ಯಾಶ್ ಮೆಟಲ್. ಗಿಟಾರು, ಡ್ರಮ್ಮುಗಳನ್ನು ಉಸಿರು ಬಿಡಲು ಕೊಡದೆ ಓಡಿಸುವ ಆ ಸಂಗೀತ, ಹೊತ್ತು ಮುಳುಗುವ ಮೊದಲೇ ಊಟ ಮುಗಿಸುವ, ಉಳ್ಳಾಗಡ್ಡಿ ಮುಟ್ಟದ ಈ ಮನುಷ್ಯನಿಗೆ ಎಲ್ಲಿಂದ ಹತ್ತಿಕೊಂಡಿತೋ ನಾನು ಕೇಳಲಿಲ್ಲ. "ಕಬ್ಬಿನ ಗಾಣ ನೋಡೀರಿಲ್ಲ? ಹಂಗ ಇದು. ಒಳಗ ಹೋದಾವನ್ನ ಹಿಂಡಿ ಹೊರಗ ಒಗೀತೈತಿ" ಎಂದು ಅವರೇ ಹೇಳುತ್ತಿದ್ದರು. ಹಾಡು ಶುರುವಾದರೆ ಗೋಡೆಗೆ ಜೋಡಿಸಿದ ತಾಟುಗಳು ಗಲಗಲ ನಡುಗುತ್ತಿದ್ದವು. ಕಾಕು, ಅಂದರೆ ಅವರ ಹೆಂಡತಿ, ಒಳಗಿನಿಂದಲೇ, "ಬಂದ ಗಿರಾಕಿ ಭೂಕಂಪ ಆತಂತ ಓಡಿ ಹೋಗ್ತಾರ ನೋಡ್ರಿ" ಎಂದು ಕೂಗುತ್ತಿದ್ದರು.

ಟೀ ಶರ್ಟಿನ ಮೇಲಿದ್ದ ಆ ಮುಳ್ಳಿನ ಅಕ್ಷರದ ಬ್ಯಾಂಡನ್ನು ನಾವು ಮುಳ್ಳಿನ ಬ್ಯಾಂಡ್ ಎಂದೇ ಕರೆಯುತ್ತಿದ್ದೆವು. ಇನ್ನೊಂದರ ಕ್ಯಾಸೆಟ್ ಹೊದಿಕೆಯ ಮೇಲೆ ಯಾವಾಗಲೂ ತಲೆಬುರುಡೆ ಇರುತ್ತಿದ್ದುದರಿಂದ ಅದು ಬುರುಡೆ ಬ್ಯಾಂಡ್. ಕೆಲವು ವರ್ಷ ಎಲ್ಲರೂ ಮುಳ್ಳಿನವರೇ ಆಗಿದ್ದೆವು. ಆಮೇಲೆ ಆ ಬ್ಯಾಂಡಿನವರು ಕೂದಲು ಕತ್ತರಿಸಿಕೊಂಡರು, ಹಾಡುಗಳ ಓಟ ನಿಧಾನವಾಯಿತು. ರಾಯಬಾಗದಿಂದ, ಅಥಣಿಯಿಂದ ಬಂದು ಕ್ಯಾಸೆಟ್ ಒಯ್ಯುತ್ತಿದ್ದವರು ಒಬ್ಬೊಬ್ಬರಾಗಿ ಬುರುಡೆಯ ಕಡೆ ಹೋದರು. ಕಾಕಾ ಹೋಗಲಿಲ್ಲ, ನಾನೂ ಹೋಗಲಿಲ್ಲ. ಆ ಮಂದಿ ಅಂಗಡಿಯ ಮೆಟ್ಟಿಲು ಹತ್ತಿದರೆ ಸಾಕು, "ಬಂದ್ರ ನೋಡ್ರಿ ಪಕ್ಷಾಂತರಿಗೋಳು! ಇವರಿಗೆ ಚಾ ಬ್ಯಾಡ, ಬರೇ ನೀರ ಕೊಡ್ರಿ" ಎನ್ನುತ್ತಿದ್ದರು. ನೀರಿನ ಹಿಂದೆ ಚಹಾ ಬಂದೇ ಬರುತ್ತಿತ್ತು.

ವರ್ಷದಲ್ಲಿ ಹತ್ತು ದಿನ ಮಾತ್ರ ಆ ಅಂಗಡಿಯಲ್ಲಿ ಯಾವ ಹಾಡೂ ಇರುತ್ತಿರಲಿಲ್ಲ. ಜೈನರ ದಶಲಕ್ಷಣ ಪರ್ವದ ಹತ್ತು ದಿನ. ಅದು ಮುಗಿದ ಮೇಲೆ ಕ್ಷಮಾವಾಣಿ. ಆ ದಿನ ಅವರು ತಿಳಿದೋ ತಿಳಿಯದೆಯೋ ಮಾಡಿದ ತಪ್ಪಿಗೆ ಪರಿಚಯದವರೆಲ್ಲರ ಬಳಿ ಕ್ಷಮೆ ಕೇಳುತ್ತಾರೆ. ಎದುರಿನವರೂ ಕ್ಷಮೆ ಕೇಳಿದರೆ ಅಲ್ಲಿಗೆ ಲೆಕ್ಕ ಚುಕ್ತಾ. ನಾವು ಜೈನರಲ್ಲ, ಆದರೂ ಕಾಕಾ ನಮ್ಮ ಮನೆಗೂ ತಪ್ಪದೆ ಬರುತ್ತಿದ್ದರು. ಪಕ್ಷಾಂತರಿಗಳ ಮುಂದೆಯೂ ಕೈ ಜೋಡಿಸುತ್ತಿದ್ದರು: "ನಿಮ್ಮ ಬುರುಡಿ ಬ್ಯಾಂಡಿಗೆ ವರ್ಷಾನಗಟ್ಲೆ ಬೈದೇನಿ, ಕ್ಷಮಾ ಮಾಡ್ರಿ. ನಾಳಿಂದ ಮತ್ತ ಬೈತೀನಿ."

ಕ್ಯಾಸೆಟ್ ಹೋಯಿತು. ಆ ಮೂಲೆಯಲ್ಲಿ ಮೊಬೈಲಿನ ಚಿಪ್ಪಿಗೆ ಹಾಡು ತುಂಬಿಸುವ ಕಂಪ್ಯೂಟರ್ ಬಂತು. ನಾನು ಅಂಕಲಿಯ ಶಾಲೆಯಲ್ಲಿ ಮಾಸ್ತರನಾದೆ. ಬಹಳ ವರ್ಷ ಸುಮ್ಮನಿದ್ದ ಮುಳ್ಳಿನ ಬ್ಯಾಂಡ್, ಎಲ್ಲರ ಗಡ್ಡ ಬೆಳ್ಳಗಾದ ಮೇಲೆ, ಹೊಸ ಹಾಡುಗಳನ್ನು ಹೊರತಂದಿತು. ಹಳಬರೆಲ್ಲ ಅಂಗಡಿಯಲ್ಲಿ ಕೂಡಿದ್ದೆವು. ಕಾಕಾ ತಾಟುಗಳ ಸಾಲಿನ ಮೇಲೆ ಅಂಗೈ ಇಟ್ಟುಕೊಂಡು ಪೂರ್ತಿ ಕೇಳಿದರು. ಮುಖ ಇಳಿಯಿತು.

"ಮುಗೀತು ಇವರ ಕಥಿ. ಡ್ರಮ್ ಬಡಿಯಾಂವಗ ವಯಸ್ಸಾತು. ಸಿಂಬಲ್ ಮುಟ್ಟಾಕತ್ತಿಲ್ಲ ಅಂವ, ಬರೇ ಚರ್ಮ ಬಡ್ಯಾಕತ್ತಾನ."

ಸಿಂಬಲ್ ಎಂದರೆ ಡ್ರಮ್ಮಿನ ಮೇಲೆ ತೂಗುಹಾಕಿದ ಕಂಚಿನ ತಟ್ಟೆ. ನನಗೆ ಅದು ಸ್ಪಷ್ಟವಾಗಿ ಕೇಳಿಸಿತ್ತು. "ಬಡದಾನ್ರಿ ಕಾಕಾ. ಎರಡನೇ ಹಾಡಿನಾಗ ತುಂಬ ಅದ ಐತಿ" ಎಂದೆ.

"ನನಗ ಕಲಸ್ತೀಯೇನ? ನಿನ್ನ ಮಾಸ್ತರಕಿ ಅಂಕಲ್ಯಾಗ ಇಟ್ಟ ಬಾ."

ಎಲ್ಲರೂ ನಕ್ಕರು. ಆ ಅಂಗಡಿಯಲ್ಲಿ ಕಾಕಾ ಹೇಳಿದ್ದೇ ತೀರ್ಪು. ವಾರದೊಳಗೆ ನನ್ನನ್ನು ಬಿಟ್ಟು ಎಲ್ಲರೂ ಮುಳ್ಳಿನ ಬ್ಯಾಂಡ್ ಸತ್ತಿತೆಂದು ಮಾತಾಡತೊಡಗಿದರು. ಎಲ್ಲರೂ ಬಿಟ್ಟು ಹೋದಾಗ ನಿಂತಿದ್ದ ಮನುಷ್ಯ ಕೇಳಿಸುವುದನ್ನೇ ಕೇಳಿಸುತ್ತಿಲ್ಲ ಎಂದದ್ದನ್ನು ನನಗೆ ಸಹಿಸಲಾಗಲಿಲ್ಲ. ಅಂಗಡಿಗೆ ಹೋಗುವುದನ್ನು ನಿಲ್ಲಿಸಿದೆ.

ಆ ವರ್ಷವೂ ಕ್ಷಮಾವಾಣಿಗೆ ಅವರು ಬಂದರು. ನಾನು ಹಿತ್ತಲ ಬಾಗಿಲಲ್ಲಿ ಮುಖ ತೊಳೆಯುತ್ತಿದ್ದೆ. ಅವರು ಪಡಸಾಲೆಯ ಹೊಸ್ತಿಲಲ್ಲಿ ಕೈ ಜೋಡಿಸಿ, "ಉತ್ತಮ ಕ್ಷಮಾ. ಹೆಚ್ಚುಕಮ್ಮಿ ಅಂದಿದ್ರ ಮನಸ್ಸಿನ್ಯಾಗ ಇಟ್ಕೋಬ್ಯಾಡ" ಎಂದರು. "ನನ್ನೂ ಕ್ಷಮಾ ಮಾಡ್ರಿ ಕಾಕಾ, ಕೂಡ್ರಿ, ಬಂದೆ" ಎಂದು ಒಳಗಿನಿಂದಲೇ ಹೇಳಿದೆ. ಟವೆಲ್ಲು ಹಿಡಿದು ಹೊರಗೆ ಬರುವಷ್ಟರಲ್ಲಿ ಹೊಸ್ತಿಲು ಖಾಲಿ. ಓಣಿಯ ತಿರುವಿನಲ್ಲಿ ಅವರ ಬೆನ್ನು ಕಂಡಿತು. ಕ್ಷಮೆ ಕೇಳಿ, ಉತ್ತರ ಸಿಕ್ಕ ಮೇಲೂ ಹೀಗೆ ಹೋಗುವುದೇ ಎಂದು ನನಗೆ ಸಿಟ್ಟು ಇನ್ನಷ್ಟು ಏರಿತು.

ಮುಂದಿನದನ್ನು ನಾನು ನೋಡಿದ ಕ್ರಮದಲ್ಲೇ ಹೇಳುತ್ತೇನೆ.

ದೀಪಾವಳಿಗೆ ಮುಂಚಿನ ಒಂದು ಬೆಳಿಗ್ಗೆ ಚಿಕ್ಕೋಡಿ ಬಸ್‌ಸ್ಟ್ಯಾಂಡಿನಲ್ಲಿ ನಾನು ಅಂಕಲಿ ಬಸ್ಸಿಗೆ ಕಾದಿದ್ದೆ. ಎದುರು ಕಾಕಾ ನಿಂತಿದ್ದರು, ಪಕ್ಕದಲ್ಲಿ ಗೋಣಿಚೀಲದಲ್ಲಿ ಕಟ್ಟಿದ ಭಾಂಡೆ. ಅವರ ಬೆನ್ನ ಹಿಂದೆ ನಿಪ್ಪಾಣಿ ಬಸ್ಸು ಹಿಂದಕ್ಕೆ ಸರಿಯತೊಡಗಿತು. ಕಂಡಕ್ಟರ್ ಬಸ್ಸಿನ ಮಗ್ಗುಲಲ್ಲಿ ನಡೆಯುತ್ತ ಸೀಟಿ ಊದುತ್ತಿದ್ದ. ಸುತ್ತಮುತ್ತಲಿನವರೆಲ್ಲ ಸರಿದರು. ಕಾಕಾ ಸರಿಯಲಿಲ್ಲ. ಸೀಟಿ ಜೋರಾಯಿತು. ನಾನು "ಕಾಕಾ!" ಎಂದು ಕಿರುಚಿದೆ. ಪೇರಲಹಣ್ಣು ಮಾರುತ್ತಿದ್ದ ಹೆಂಗಸು ಕೂತಲ್ಲಿಂದಲೇ ಅವರ ಅಂಗಿ ಹಿಡಿದು ಎಳೆದಳು. ಅವರು ಅವಳ ಬುಟ್ಟಿಯ ಮೇಲೆ ಬಿದ್ದರು. ಬಸ್ಸಿನ ಹಿಂದಿನ ಗಾಲಿ ಚೀಲದ ಮೇಲೆ ಹತ್ತಿ ನಿಂತಿತು. ಭಾಂಡೆಗಳು ಅಪ್ಪಚ್ಚಿಯಾದ ಸದ್ದು...

"ಏ ಯಜಮಾನ್ರ, ಕಿವಿ ಮನ್ಯಾಗ ಬಿಟ್ಟ ಬಂದೀರೇನ್ರಿ?" ಎಂದು ಕಂಡಕ್ಟರ್ ಬೈದ. ಕೆಲವರು ನಕ್ಕರು. ಅವರ ಬಾಯಿಗಳನ್ನು ನೋಡಿ ಕಾಕಾ ಕೂಡ ನಕ್ಕರು, ಸ್ವಲ್ಪ ತಡವಾಗಿ.

ನಾನು ಅವರನ್ನು ಎಬ್ಬಿಸಿ ಕೂಡಿಸಿದೆ. "ಕಾಕಾ, ಸೀಟಿ ಕೇಳಲಿಲ್ಲೇನ್ರಿ?"

"ಯಾವ ಸೀಟಿ?" ಎಂದರು.

ಆಗ ನನಗೆ ತಿಳಿಯಿತು. ಬಸ್ಸಿನ ಗುಡುಗುಡು ಅವರಿಗೆ ಕೇಳುತ್ತಿತ್ತು, ಬಸ್‌ಸ್ಟ್ಯಾಂಡಿನಲ್ಲಿ ಅದು ಎಲ್ಲ ಕಡೆಯಿಂದಲೂ ಕೇಳುತ್ತದೆ. ಕೇಳದೆ ಹೋಗಿದ್ದದ್ದು ಸಣ್ಣ, ಚೂಪಾದ ದನಿಗಳು. ಸೀಟಿ. ಸಿಂಬಲ್. ಕ್ಷಮಾವಾಣಿಯ ದಿನ ಒಳಗಿನಿಂದ ಸಣ್ಣಗೆ ಬಂದ ನನ್ನ ಮಾತು.

ಕಿವಿ ತೋರಿಸಿಕೊಳ್ಳಲು ಮೊದಲು ಅವರು ಒಪ್ಪಲಿಲ್ಲ. "ಹಾಡ ಮಾರಾಂವಗ ಕಿವಿ ಹೋದಾವಂತ ಊರಾಗ ಗೊತ್ತಾದ್ರ ಮುಗೀತು" ಎಂದರು. ಕಾಕು, "ನೀವ ಹೋದ್ರ ಹಾಡ ಯಾರ ಮಾರ್ತಾರ?" ಎಂದು ಒಂದೇ ಮಾತಿನಲ್ಲಿ ಮುಗಿಸಿದರು. ನಾನು ಅವರನ್ನು ಮಿರಜಿನ ದವಾಖಾನೆಗೆ ಕರೆದುಕೊಂಡು ಹೋದೆ. ಅಲ್ಲಿನವರು ಗಾಜಿನ ಕೋಣೆಯೊಳಗೆ ಕಾಕಾನನ್ನು ಕೂಡಿಸಿ, ದನಿ ಕೇಳಿದಾಗ ಗುಂಡಿ ಒತ್ತಬೇಕೆಂದು ಹೇಳಿದರು. ದಪ್ಪ ದನಿಗಳಿಗೆಲ್ಲ ಅವರ ಹೆಬ್ಬೆರಳು ಒತ್ತಿತು. ದನಿ ತೆಳುವಾಗುತ್ತ ಹೋಯಿತೆಂದು ಕಾಣುತ್ತದೆ, ಹೆಬ್ಬೆರಳು ನಿಂತುಬಿಟ್ಟಿತು. ಕಾಕಾ ಅದನ್ನು ಗುಂಡಿಯ ಮೇಲೆ ಹಾಗೇ ಇಟ್ಟುಕೊಂಡು, ಪರೀಕ್ಷೆ ಇನ್ನೂ ಶುರುವಾಗಿಲ್ಲವೆಂಬಂತೆ ನನ್ನ ಕಡೆ ನೋಡುತ್ತಿದ್ದರು. ನಾನು ಗೋಡೆಯ ಕಡೆ ತಿರುಗಿದೆ.

ಡಾಕ್ಟರು ಹೊರಗೆ ಬಂದು, ಹೋದದ್ದು ಮರಳುವುದಿಲ್ಲ, ಆದರೆ ಉಳಿದದ್ದು ಬಹಳ ಇದೆ, ಕಿವಿಗೆ ಮಷಿನ್ ಹಾಕಿದರೆ ಎಲ್ಲ ಕೇಳುತ್ತದೆ ಎಂದರು. ನಾನು ಬೆಂಚಿನ ಮೇಲೆ ಕೂತೆ. ಎಷ್ಟು ಹೊತ್ತಿನಿಂದ ನಿಂತಿದ್ದೆನೋ ಆಗಲೇ ಗೊತ್ತಾದದ್ದು.

ಕೆಲವು ದಿನಗಳ ನಂತರ ಮತ್ತೆ ಹೋಗಿ ಮಷಿನ್ ಹಾಕಿಸಿಕೊಂಡು ಬಂದೆವು. ಬಸ್ಸು ಕಾಗವಾಡ ದಾಟುವವರೆಗೆ ಕಾಕಾ ಕಿಟಕಿಯ ಸಡಿಲು ಗಾಜು ಕಿರುಗುಟ್ಟುವುದನ್ನೇ ಕೇಳುತ್ತ ಕೂತಿದ್ದರು. ಆಮೇಲೆ ಕೇಳಿದರು: "ಅವತ್ತ ನಿಮ್ಮ ಮನೀಗೆ ಬಂದಾಗ ನೀ ಒಳಗಿಂದ ಏನರ ಅಂದ್ಯೇನ?"

"ನನ್ನೂ ಕ್ಷಮಾ ಮಾಡ್ರಿ ಅಂದಿದ್ದೆನ್ರಿ."

"ನಾ ತಿಳಕೊಂಡೆ, ಮಾಸ್ತರ ಬಾಯಿ ಬಿಡಾಕೂ ತಯಾರಿಲ್ಲಂತ." ಅವರು ನನ್ನ ಮೊಣಕಾಲಿನ ಮೇಲೆ ಕೈ ಇಟ್ಟರು. ಊರು ಬರುವವರೆಗೆ ತೆಗೆಯಲಿಲ್ಲ.

ಮರುದಿನ ಅಂಗಡಿಯಲ್ಲಿ ಹಳಬರೆಲ್ಲ ಮತ್ತೆ ಕೂಡಿದರು. ಆ ಹೊಸ ಹಾಡುಗಳನ್ನೇ ಹಚ್ಚಿದೆವು. ಕಾಕಾ ಕಣ್ಣು ಮುಚ್ಚಿದರು. ಎರಡನೇ ಹಾಡಿನಲ್ಲಿ ಅವರ ಹುಬ್ಬು ಮೇಲೇರಿತು. ಕಣ್ಣಿನ ತುದಿಯಿಂದ ನೀರು ಇಳಿದದ್ದನ್ನು ಎಲ್ಲರೂ ನೋಡಿದೆವು. ಕೊನೆಯ ಹಾಡು ಮುಗಿದ ಮೇಲೆ ನನ್ನ ಕಡೆ ತಿರುಗಿದರು.

"ಸಿಂಬಲ್ ಬಡದಾನ. ಭಾಳ ಚಂದ ಬಡದಾನ. ಅದರಾಗ ನೀ ಗೆದ್ದಿ." ಕಿವಿಯ ಮಷಿನ್ ಸರಿಮಾಡಿಕೊಂಡು, "ಖರೇ, ಹಾಡ ಮಾತ್ರ ಹೊಲಸ ಅದಾವಪಾ" ಎಂದರು.

ಅಂಗಡಿ ತುಂಬ ನಗೆ. ನಾನೇ ಎಲ್ಲರಿಗಿಂತ ಹೆಚ್ಚು ನಕ್ಕೆ. ಅವರು ಬ್ಯಾಂಡನ್ನು ಬಿಟ್ಟದ್ದು ಬಿಟ್ಟೇ ಬಿಟ್ಟರು, ಆದರೆ ಈ ಸಲ ಸಿಂಬಲ್ಲನ್ನೂ ಕೇಳಿ ಬಿಟ್ಟಿದ್ದರು. ಹಾಡಿನ ವಾದದಲ್ಲಿ ಸೋತು ಅಷ್ಟು ಹಗುರಾಗಿ ಮನೆಗೆ ಹೋದ ದಿನ ನನಗೆ ಇನ್ನೊಂದು ನೆನಪಿಲ್ಲ. ಆಮೇಲೆ ವರ್ಷಗಟ್ಟಲೆ ಜಗಳವಾಡಿದೆವು. ನಾನು ಮುಳ್ಳಿನವನು, ಅವರು ಆ ವಯಸ್ಸಿನಲ್ಲಿ ಹೋಗಿ ಬುರುಡೆಯವರಾಗಿದ್ದರು...

ಕಾಕಾ ತೀರಿಕೊಂಡು ಈಗ ಎರಡು ಮಳೆಗಾಲ ಕಳೆದವು. ಹಾಡಿನ ಮೂಲೆಯಲ್ಲಿ ಮಿಕ್ಸರ್‌ಗಳನ್ನು ಜೋಡಿಸಿದ್ದಾರೆ. ಅಂದು ಆ ಹೆಂಗಸು ಅಂಗಿ ಹಿಡಿದು ಎಳೆಯದಿದ್ದರೆ ಈ ಜಗಳದ ವರ್ಷಗಳು ಇರುತ್ತಲೇ ಇರಲಿಲ್ಲ, ನನ್ನ ಉತ್ತರವೂ ಅವರನ್ನು ಮುಟ್ಟುತ್ತಿರಲಿಲ್ಲ. ಅದನ್ನು ನೆನೆದಾಗಲೆಲ್ಲ ದೊಡ್ಡದೊಂದು ಉಸಿರು ತಾನಾಗಿ ಹೊರಬರುತ್ತದೆ.

ಮುಳ್ಳಿನ ಬ್ಯಾಂಡಿನ ಮುದುಕರು ಮತ್ತೆ ಹೊಸ ಹಾಡು ಬಿಟ್ಟಿದ್ದಾರೆ. ಮೊನ್ನೆ ರವಿವಾರ ಪೂರ್ತಿ ಕೇಳಿದೆ. ಚೆನ್ನಾಗಿವೆ ಎನಿಸಿತು. ಅಲ್ಲ ಎನ್ನುವವರು ಯಾರೂ ಇರಲಿಲ್ಲವಾದ್ದರಿಂದ, ಖಂಡಿತವಾಗಿ ಹೇಳಲಾರೆ.