ಎಲ್ಲಿ ತನಕ ಬಂದದ

ಸೋಲ್ಡರಿಂಗ್ ಐರನ್ನಿನ ತುದಿಗೆ ರಾಳ ತಾಗಿದಾಗ ಏಳುವ ಹೊಗೆಗೆ ಒಂದು ವಾಸನೆಯಿದೆ. ಅರ್ಧ ಲೋಬಾನ, ಅರ್ಧ ಸುಟ್ಟ ಪ್ಲಾಸ್ಟಿಕ್. ಕಳೆದ ವಾರ ಹುಮನಾಬಾದಿನ ನಮ್ಮ ಶಾಲೆಯಲ್ಲಿ ಎಂಟನೆಯ ತರಗತಿಯ ಹುಡುಗಿಯೊಬ್ಬಳು ತಂತಿ ಬೆಸೆಯುತ್ತ ಕೂತಿದ್ದಾಗ ಆ ಹೊಗೆ ನನ್ನ ಕಡೆ ಬಂತು. ಪಾಠ ಮಾಡಬೇಕಾದ ನಾನು ಮನಸ್ಸಿನಲ್ಲೇ ಚಿಕ್ಕಂದಿನಲ್ಲಿ ಓದಿದ ಮುಡಬಿಯ ಶಾಲೆಗೆ ಹೋಗಿಬಿಟ್ಟಿದ್ದೆ... ನಮ್ಮ ವಿಜ್ಞಾನದ ಸರ್ ಹತ್ತಿರ.

ಸರ್ ಬಸವಕಲ್ಯಾಣದಿಂದ ಬಸ್ಸಿನಲ್ಲಿ ಬರುತ್ತಿದ್ದರು. ಹೆಗಲಲ್ಲೊಂದು ರೆಕ್ಸಿನ್ ಚೀಲ. ಅದರ ತುಂಬ ಗುಜರಿಯಲ್ಲಿ ಆರಿಸಿದ ರೇಡಿಯೊ, ಒಡೆದ ಟಾರ್ಚು, ತಂತಿ ಹರಿದ ಚಾರ್ಜರು. ಕಂಡಕ್ಟರ್ ಒಮ್ಮೆ ಅದಕ್ಕೆ ಲಗೇಜ್ ಟಿಕೆಟ್ ಕೇಳಿದ್ದನಂತೆ. ಶನಿವಾರ ಅವೆಲ್ಲ ತರಗತಿಯ ನೆಲದ ಮೇಲೆ ಹರಡಿಕೊಳ್ಳುತ್ತಿದ್ದವು. ಸೀಮೆಸುಣ್ಣದ ವಿಷಯದಲ್ಲಿ ಸರ್ ಮಹಾ ಜಿಪುಣರು, ಸ್ಕ್ರೂಡ್ರೈವರ್ ಮಾತ್ರ ಕೇಳಿದವರಿಗೆಲ್ಲ ಕೊಡುತ್ತಿದ್ದರು. ಒಂದೇ ಒಂದು ಶಬ್ದಕ್ಕೆ ಅವರ ಸಿಟ್ಟು ನೆತ್ತಿಗೇರುತ್ತಿತ್ತು: ಖರಾಬ್. ನಮ್ಮ ಕಡೆ ಹಾಲಿನಿಂದ ಹಿಡಿದು ಹಣೆಬರಹದ ತನಕ ಕೆಟ್ಟದ್ದೆಲ್ಲ ಖರಾಬೇ. ಸರ್ ಎದುರು ಅದು ನಡೆಯುತ್ತಿರಲಿಲ್ಲ. ಕರೆಂಟ್ ಎಲ್ಲಿ ತನಕ ಬಂದಿದೆ, ಎಲ್ಲಿ ನಿಂತಿದೆ, ಅಷ್ಟನ್ನು ಹುಡುಕಿ ಹೇಳಬೇಕಿತ್ತು.

ನಾನು ಆಗ ಎಂಟನೆಯ ತರಗತಿ. ಗಣಿತಕ್ಕೂ ನನಗೂ ಎಣ್ಣೆ ಸೀಗೆಕಾಯಿ. ಉಳಿದ ವಿಷಯಗಳ ಜೊತೆಗೂ ಅಂಥ ಸ್ನೇಹವೇನಿರಲಿಲ್ಲ. ಪರೀಕ್ಷೆಯ ಅಂಕ ನೋಡಿದ ಅಪ್ಪ, ಇನ್ನು ಸಾಕು, ಅವ್ವನ ಜೊತೆ ಕೂಲಿಗೆ ಹೋಗಲಿ ಎಂದು ತೀರ್ಮಾನಿಸಿದ್ದ. ನನಗೆ ಶಾಲೆ ಬಿಡುವುದಕ್ಕಿಂತ ಶನಿವಾರ ಬಿಡುವುದು ಕಷ್ಟವಾಗಿತ್ತು.

ಆ ದಿನಗಳಲ್ಲಿ ನಾವು ನೀರಿನ ಗಂಟೆ ಮಾಡುತ್ತಿದ್ದೆವು. ಬಿಸಿಯೂಟ ಮಾಡುವ ಮುದುಕಿಗೆ ನಾವೆಲ್ಲ ಆಯಿ ಅನ್ನುತ್ತಿದ್ದೆವು. ಅಡುಗೆಮನೆಯಿಂದ ಅವಳಿಗೆ ನೀರಿನ ಟಾಕಿ ಕಾಣುತ್ತಿರಲಿಲ್ಲ, ಅದು ದಿನಾ ತುಂಬಿ ಚೆಲ್ಲುತ್ತಿತ್ತು. ಟಾಕಿಯ ಬಾಯಿಗೆ ಎರಡು ತಂತಿ ಇಳಿಬಿಟ್ಟು, ನೀರು ಅವನ್ನು ಮುಟ್ಟಿದೊಡನೆ ಬಜರ್ ಕೂಗಬೇಕು. ಆ ಎರಡು ತಂತಿಯ ಕೆಲಸ ನನ್ನದು. ಬಕೆಟ್ಟಿನಲ್ಲಿ ಪರೀಕ್ಷೆ ಮಾಡಿದೆವು, ಬಜರ್ ಕೂಗಲಿಲ್ಲ. ಸರಿಯಾಗಿ ಆ ಹೊತ್ತಿಗೇ ಅಪ್ಪ ಬಾಗಿಲಲ್ಲಿ ಬಂದು ನಿಂತ.

"ಇಕೀ ತಲಿನೇ ಖರಾಬ್ ಅದರಿ ಸರ್. ಟಿ.ಸಿ. ಕೊಟ್ಟುಬಿಡ್ರಿ, ಹೊಲಕ್ಕರ ಬರ್ತಾಳ."

ಎಲ್ಲರೂ ಸರ್ ಮುಖ ನೋಡಿದರು. ಅವರು ಅಪ್ಪನಿಗೆ ಕುರ್ಚಿ ತೋರಿಸಿ, ನನ್ನ ಕೈಗೆ ಕರೆಂಟ್ ಪರೀಕ್ಷಿಸುವ ಪುಟ್ಟ ಬಲ್ಬ್ ಕೊಟ್ಟರು. "ಎಲ್ಲಿ ತನಕ ಬಂದದ, ನೋಡವಾ."

ಬ್ಯಾಟರಿಯ ಬಳಿ ಹಿಡಿದೆ, ಹತ್ತಿತು. ಸ್ವಿಚ್ಚಿನ ಆಚೆ ಹಿಡಿದೆ, ಹತ್ತಿತು. ನನ್ನ ತಂತಿಗಳ ತುದಿಗೆ ಬಂದಾಗ ಹತ್ತಲಿಲ್ಲ. ತುದಿಯ ಪ್ಲಾಸ್ಟಿಕ್ ಹಾಗೇ ಇತ್ತು, ನಾನು ಸುಲಿದಿರಲಿಲ್ಲ. ಯಾಕೆಂದು ಕೇಳಿದರು. ಅಳು ನುಂಗುತ್ತ ಹೇಳಿದೆ: "ಬರೇ ತಂತಿ ನೀರಾಗ ಬಿಟ್ರ ಆಯಿಗೆ ಶಾಕ್ ಹೊಡಿತದಲ್ರಿ ಸರ್."

ತರಗತಿ ನಕ್ಕಿತು. ಸರ್ ನಗಲಿಲ್ಲ. ತಂತಿ ಸುಲಿದು, ಬಕೆಟ್ಟಿನಲ್ಲಿ ತಮ್ಮ ಬೆರಳನ್ನೂ ಅದ್ದಿ, ಈ ಸಣ್ಣ ಬ್ಯಾಟರಿಯಿಂದ ಜೀವಕ್ಕೆ ಏನೂ ಆಗದೆಂದು ತೋರಿಸಿದರು. ಬಜರ್ ಕೂಗುತ್ತಲೇ ಇತ್ತು. ಅದರ ನಡುವೆಯೇ ಅಪ್ಪನ ಕಡೆ ತಿರುಗಿದರು.

"ಇಕೀ ಬುದ್ಧಿ ಆಯಿ ಜೀವದ ತನಕ ಹೋಗಿ ಬಂದದರಿ. ಟಿ.ಸಿ. ಹ್ಯಾಂಗ ಕೊಡ್ಲಿ?"

ಅಪ್ಪ ಬಗ್ಗಿ ಬಕೆಟ್ಟಿನೊಳಗಿನ ತಂತಿ ನೋಡಿದ. ಹೊಲದ ಮೋಟಾರಿನ ಬಳಿ ಬರೀ ತಂತಿ ಮುಟ್ಟಬೇಡ ಎಂದು ಮಗಳಿಗೆ ಹೇಳಿಕೊಟ್ಟವನು ತಾನೇ ಎಂದು ಮೆಲ್ಲಗೆ ಹೇಳಿದ. ಆ ದನಿಯಲ್ಲಿ ಸ್ವಲ್ಪ ಜಂಬವೂ ಇತ್ತು. ಟಿ.ಸಿ. ಕೇಳದೆ ಹೋದ. ನಾನು ಉಳಿದೆ, ಓದಿದೆ, ಗಣಿತವನ್ನೂ ಹೇಗೋ ದಾಟಿದೆ, ಕೊನೆಗೆ ವಿಜ್ಞಾನದ ಟೀಚರ್ ಆದೆ.

ಎರಡು ವರ್ಷದ ಹಿಂದೆ ಸರ್‌ಗೆ ಲಕ್ವಾ ಹೊಡೆಯಿತು. ಬಸವಕಲ್ಯಾಣದ ಮನೆಗೆ ನೋಡಲು ಹೋದಾಗ ಅವರ ಹೆಂಡತಿ, ಮಾತು ಪೂರಾ ಖರಾಬ್ ಆಗಿದೆ ಎಂದರು. ಮಲಗಿದ್ದ ಸರ್ ಹುಬ್ಬು ಗಂಟಿಕ್ಕಿತು. ಅದೇ ಹಳೆಯ ಸಿಟ್ಟು. ಏನು ಮಾತಾಡಬೇಕೆಂದು ತಿಳಿಯದೆ ಕೇಳಿಬಿಟ್ಟೆ: "ಎಲ್ಲಿ ತನಕ ಬಂದದರಿ ಸರ್?"

ಅವರು ಎಡಗೈ ಎತ್ತಿ ಹಣೆ ಮುಟ್ಟಿಕೊಂಡರು. ಬೆರಳನ್ನು ನಿಧಾನಕ್ಕೆ ಕೆಳಗಿಳಿಸಿ ಗಂಟಲ ಮೇಲೆ ಇಟ್ಟು ನಿಲ್ಲಿಸಿದರು. ಅರ್ಧ ತುಟಿಯಲ್ಲಿ ನಕ್ಕರು. ನಾನು ಅಲ್ಲೇ ಅತ್ತುಬಿಟ್ಟೆ...

ಕೆಲವೇ ತಿಂಗಳಲ್ಲಿ ಹೋಗಿಬಿಟ್ಟರು. ಅಂದು ಪರೀಕ್ಷಾ ಕೆಲಸವಿತ್ತು, ಮಣ್ಣು ಕೊಡಲು ಹೋಗಲಾಗಲಿಲ್ಲ. ರಜೆ ಕೇಳಬಹುದಿತ್ತು. ಕೇಳಲಿಲ್ಲ ಎನ್ನುವುದು ಇಂದಿಗೂ ಚುಚ್ಚುತ್ತದೆ.

ಕಳೆದ ವಾರ ಆ ಹುಡುಗಿ ಬೆಸುಗೆ ಮುಗಿಸಿ ಸ್ವಿಚ್ ಒತ್ತಿದಳು. ದೀಪ ಹತ್ತಲಿಲ್ಲ. "ಖರಾಬ್ ಆಗ್ಯಾದರಿ ಟೀಚರ್" ಎಂದಳು. ಏನು ಹೇಳಬೇಕೆಂದು ನನಗೆ ಗೊತ್ತಿತ್ತು, ಬಾಯಿಯನ್ನೂ ತೆರೆದೆ. ಮಾತು ಗಂಟಲ ತನಕ ಬಂದು ನಿಂತಿತು. ಕರೆಂಟ್ ಪರೀಕ್ಷಿಸುವ ಪುಟ್ಟ ಬಲ್ಬನ್ನು ಅವಳ ಕೈಯಲ್ಲಿಟ್ಟೆ.