ಗಾದಿ ಇಸಾಕಣ್ಣ ವಿಯೆನ್ನಾಕ್ಕೆ ಹೊರಟಿದ್ದು

ಸಿಂದಗಿ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ನನ್ನದೊಂದು ಝೆರಾಕ್ಸ್ ಅಂಗಡಿ ಇದೆ. ಆನ್‌ಲೈನ್ ಅರ್ಜಿಗಳನ್ನೂ ತುಂಬಿಕೊಡುತ್ತೇನೆ. ಪಕ್ಕದ್ದೇ ಇಸಾಕಣ್ಣನ ಗಾದಿ ಅಂಗಡಿ. ಅವನು ಹತ್ತಿ ಹಿಂಜುವ ಮಷಿನ್ ಶುರು ಮಾಡಿದನೆಂದರೆ ನನ್ನ ಕಂಪ್ಯೂಟರಿನ ಮೇಲೆ, ನನ್ನ ತಲೆಯ ಮೇಲೆ, ನಾನು ಕುಡಿಯುವ ಚಹಾದ ಮೇಲೆ ಹತ್ತಿಯ ಎಳೆ ಬಂದು ಕೂರುತ್ತದೆ. ಇದಕ್ಕಾಗಿ ನಾನು ವರ್ಷಗಟ್ಟಲೆ ಜಗಳವಾಡಿದ್ದೇನೆ. "ನಾಳಿಂದ ಪರದೆ ಕಟ್ಟತೇನಿ ತಂಗಿ" ಎಂದು ಅವನೂ ವರ್ಷಗಟ್ಟಲೆ ಹೇಳಿದ್ದಾನೆ. ಆದ್ದರಿಂದ ಈ ಬರವಣಿಗೆಯಲ್ಲಿ ಅಲ್ಲಲ್ಲಿ ಸಿಟ್ಟು ಕಂಡರೆ ಅದು ಹತ್ತಿಯದು ಎಂದು ತಿಳಿಯಿರಿ.

ಗಾದಿ ಮಾಡುವುದರಲ್ಲಿ ಅವನನ್ನು ಮೀರಿಸುವವರಿಲ್ಲ ಎಂಬುದನ್ನು ಮಾತ್ರ ಒಪ್ಪಲೇಬೇಕು. ಇಂಡಿ, ಮುದ್ದೇಬಿಹಾಳದಂಥ ಊರುಗಳಿಂದ ಮದುವೆಯ ಗಾದಿಗೆ ಜನ ಇವನಲ್ಲಿಗೇ ಬರುತ್ತಾರೆ. ಹೊಲಿದು ಮುಗಿದ ಮೇಲೆ ಒಂದು ಮೂಲೆಯಲ್ಲಿ ಕೆಂಪು ದಾರದ ಗಂಟು ಹಾಕುತ್ತಾನೆ, ಅದೇ ಅವನ ಸಹಿ. ಇಷ್ಟೆಲ್ಲ ಮಂದಿಗೆ ನಿದ್ದೆಯ ಸೌಕರ್ಯ ಮಾಡಿಕೊಡುವ ಇವನಿಗೆ ತನ್ನ ಮನೆ ಬಿಟ್ಟು ಬೇರೆಲ್ಲೂ ನಿದ್ದೆ ಬರುವುದಿಲ್ಲ. ಮನೆಯ ಗಾದಿಯಾದರೂ ಎಂಥದ್ದು! ಅಂಗಡಿಯ ಹಿಂದಿನ ಕೋಣೆಯಲ್ಲಿ ಅವನೂ ಅವನ ಹೆಂಡತಿ ಅಬಿದಕ್ಕನೂ ಮಲಗುವ ಗಾದಿಯನ್ನು ಬಿಸಿಲಿಗೆ ಹಾಕಿದಾಗ ನಾನೇ ನೋಡಿದ್ದೇನೆ. ಹಪ್ಪಳದಷ್ಟು ತೆಳ್ಳಗಾಗಿದೆ. ಅದರ ಮೇಲೆ ಅವನು ಸುಖವಾಗಿ ನಿದ್ದೆ ಮಾಡುತ್ತಾನೆ.

ನೆಂಟರ ಊರಿಗೆ ಮದುವೆಗೆ ಹೋದರೆ ಇಸಾಕಣ್ಣ ಉಂಡು ಕೈ ತೊಳೆದ ಕೂಡಲೇ ಗಡಿಯಾರ ನೋಡುತ್ತಾನೆ. ಅಬಿದಕ್ಕ ಅಕ್ಕತಂಗಿಯರ ನಡುವೆ ಕೂತು ಆಗಷ್ಟೇ ಮಾತಿಗೆ ಶುರು ಮಾಡಿರುತ್ತಾಳೆ. "ಏಳು, ಕಡೀ ಬಸ್ ತಪ್ಪತೈತಿ. ಇಲ್ಲಿ ಗಾದಿ ಸರಿ ಇಲ್ಲ" ಎಂದು ಎಬ್ಬಿಸಿಬಿಡುತ್ತಾನೆ. ಮೊದಮೊದಲು ಒಂದೊಂದು ಮನೆಯಲ್ಲಿ ಒಂದೊಂದು ರಾತ್ರಿ ಕಳೆದು ಆ ಮನೆಗಳ ಗಾದಿಗಳಿಗೆ ಹೆಸರೂ ಇಟ್ಟಿದ್ದಾನೆ. ಇಂಡಿಯದು ಜೋಳದ ಚೀಲ, ಮುದ್ದೇಬಿಹಾಳದ್ದು ಹೊಳೆಯ ಕಲ್ಲು, ಬಸವನ ಬಾಗೇವಾಡಿಯಲ್ಲಿ ಅಬಿದಕ್ಕನ ತಂಗಿ ಮುಬೀನಾಳ ಮನೆಯದು ನೇಗಿಲು ಹೊಡೆದ ಹೊಲ.

ಹೀಗಿರುವಾಗ ಅಬಿದಕ್ಕನಿಗೆ ಬಹುಮಾನ ಬಂತು.

ವಿಜಯಪುರದ ಒಂದು ಅಂಗಡಿಯಲ್ಲಿ ಫ್ರಿಜ್ ಕೊಂಡಾಗ ಕೊಟ್ಟ ಕೂಪನ್ನಿಗೆ ಮೊದಲ ಬಹುಮಾನ: ದಂಪತಿಗೆ ವಿಯೆನ್ನಾ ಪ್ರವಾಸ, ನಾಲ್ಕು ದಿನ, ಮೂರು ರಾತ್ರಿ. ಗಂಡ ಹೆಂಡತಿ ಇಬ್ಬರೂ ಹೋಗಬೇಕು. ಒಲ್ಲೆವೆಂದರೆ ಒಂದು ವಾಷಿಂಗ್ ಮಷಿನ್. ಯಾವುದು ಬೇಕೆಂದು ಸೋಮವಾರದೊಳಗೆ ತಿಳಿಸಬೇಕು.

ಇಸಾಕಣ್ಣ ಕಾಗದವನ್ನು ಎರಡು ಸಲ ಓದಿಸಿಕೊಂಡ.

"ನಾಕ ದಿನಕ್ಕ ನಂದೇನೂ ತಕರಾರಿಲ್ಲ" ಎಂದ. "ಮೂರು ರಾತ್ರಿ ಯಾಕ?"

"ದಿನಾ ಅಂದಮ್ಯಾಲೆ ನಡುವ ರಾತ್ರಿ ಬರ್ತಾವಲ್ಲ ಅಣ್ಣಾ" ಎಂದೆ.

"ಮುಂಜಾನೆ ಹೋಗಿ, ಎಲ್ಲಾ ನೋಡಿ, ಸಂಜಿಗೆ ವಾಪಸ್ ಬರಾಕ ಆಗಂಗಿಲ್ಲೇನು? ಅಲ್ಲಿಂದ ಕಡೀ ಬಸ್ ಎಷ್ಟಕ್ಕ ಐತಿ ನೋಡು."

ನಾನು ಕಂಪ್ಯೂಟರಿನಲ್ಲಿ ಭೂಪಟ ತೆಗೆದು, ಸಿಂದಗಿ ಎಲ್ಲಿದೆ, ಆಸ್ಟ್ರಿಯಾ ದೇಶದ ವಿಯೆನ್ನಾ ಎಲ್ಲಿದೆ, ನಡುವೆ ಎಷ್ಟು ಸಮುದ್ರ ಇದೆ ಎಂದು ತೋರಿಸಿದೆ. ಅವನು ಕನ್ನಡಕ ಏರಿಸಿಕೊಂಡು ನೋಡಿದ. "ಹಂಗಾದ್ರ ವಾಷಿಂಗ್ ಮಷಿನ್ ಛಲೋ" ಎಂದ.

ಅಬಿದಕ್ಕ ಅವನ ಕಡೆ ನೋಡಲೇ ಇಲ್ಲ, ಕುರ್ಚಿ ಎಳೆದುಕೊಂಡು ನನ್ನ ಪಕ್ಕಕ್ಕೆ ಬಂದು ಕೂತಳು. "ಅಲ್ಲಿ ಏನೇನ ಐತಿ ತೋರಸು ಯಶೋಧಾ. ಮದಲನೇ ದಿನದಿಂದ ಬರಕೋತ ಹೋಗು."

ಅರಮನೆ ತೋರಿಸಿದೆ. ಚಾವಣಿಯ ತುಂಬ ಚಿತ್ರ ಬರೆದ ದೊಡ್ಡ ಸಭಾಂಗಣ ನೋಡಿ ಅಬಿದಕ್ಕ ಸೆರಗು ಬಾಯಿಗೆ ಹಿಡಿದಳು. ಚಿತ್ರಗಳ ಮ್ಯೂಜಿಯಮ್ ತೋರಿಸಿದೆ, ಕುದುರೆಗಳು ಹಾಡಿಗೆ ತಕ್ಕಂತೆ ಹೆಜ್ಜೆ ಹಾಕುವ ಜಾಗ ತೋರಿಸಿದೆ. ಜನ ಚಂದದ ಬಟ್ಟೆ ತೊಟ್ಟು ಮೂರು ತಾಸು ಹಾಡು ಕೇಳುವ ರಂಗಮಂದಿರವನ್ನೂ ತೋರಿಸಿದೆ. "ಮೂರು ತಾಸು ಕುಂದ್ರಬೇಕಾ? ಹಂಗಾದ್ರ ಅಲ್ಲೇ ಒಂದೀಟ ಮಲಗಬಹುದು" ಎಂದು ಇಸಾಕಣ್ಣ ಹಿಂದಿನಿಂದ ಇಣುಕಿದ. ಅಷ್ಟರಲ್ಲಿ ಅರಮನೆಯ ಇನ್ನೊಂದು ಚಿತ್ರ ತೆರೆಯಿತು. ಆ ದೇಶವನ್ನು ಹಿಂದೆ ಆಳಿದ ದೊರೆಯೊಬ್ಬ ಮಲಗುತ್ತಿದ್ದ ಮಂಚ. ಕಬ್ಬಿಣದ್ದು, ಒಬ್ಬರಿಗೆ ಸಾಲುವಷ್ಟು ಮಾತ್ರ.

"ಇದು ರಾಜಂದಾ?" ಇಸಾಕಣ್ಣನಿಗೆ ನಗು ತಡೆಯಲಾಗಲಿಲ್ಲ. "ಸರಕಾರಿ ದವಾಖಾನ್ಯಾಗ ಇದಕ್ಕಿಂತ ಅಗಲ ಇರ್ತಾವು! ರಾಜಂದ ಹಿಂಗಾದ್ರ ನಮಗೆಂಥಾದ್ದು ಕೊಟ್ಟಾರು?"

ನಗು ನಿಂತ ಮೇಲೆ ಅಬಿದಕ್ಕ ಮೆಲ್ಲಗೆ ಹೇಳಿದಳು. "ನಾ ರಾಜನ ಮಂಚ ಕೇಳಿಲ್ಲರಿ. ನಿಮ್ಮ ಜೋಡಿ ಒಂದ ಊರಿಗೆ ಹೋಗಬೇಕು, ಸಂಜಿಮುಂದ ನೀವು ಗಡಿಯಾರ ನೋಡಬಾರದು. ಅಷ್ಟ ಕೇಳಾಕತ್ತೇನಿ."

ಅವನು ತನ್ನ ಅಂಗಡಿಗೆ ಹೋದ. ಮಷಿನ್ ಶುರುವಾಯಿತು. ಸಂಜೆಯವರೆಗೆ ನನ್ನ ಕೀಬೋರ್ಡ್ ಬಿಳಿಯಾಗಿ ಹೋಯಿತು.

ಮರುದಿನ ಹೆಗಲ ಮೇಲೆ ಸುರುಳಿ ಸುತ್ತಿದ ಹೊಸ ಗಾದಿ ಹೊತ್ತು ಬಂದ. ಪ್ರವಾಸಕ್ಕೆಂದೇ ಮಾಡಿದ್ದಂತೆ. ಹಗ್ಗ ಕಟ್ಟಿದ್ದ, ಹಿಡಿಕೆ ಹೊಲಿದಿದ್ದ. "ವಿಮಾನದಾಗ ಬಿಡ್ತಾರ ಏನ ಕೇಳು" ಎಂದ. ಅಬಿದಕ್ಕ ಹಣೆ ಹಣೆ ಬಡಿದುಕೊಂಡಳು.

"ಅರಮನ್ಯಾಗ ಗಾದಿ ಹೊತಗೊಂಡು ತಿರಗವ್ರೇನು? ಮಾರಾಕ ಬಂದಾರ ಅಂತಾರ ಮಂದಿ!"

"ಗಿರಾಕಿ ಸಿಕ್ಕರ ಮಾರೂಣು" ಎಂದ ಅವನು. ತಮಾಷೆಗೆ ಹೇಳಿದ್ದಲ್ಲ, ಮುಖ ನೋಡಿದರೆ ಗೊತ್ತಾಗುತ್ತಿತ್ತು.

ಆಗ ಅಬಿದಕ್ಕ ಒಂದು ಷರತ್ತು ಹಾಕಿದಳು. ಶನಿವಾರ ಮುಬೀನಾಳ ಮನೆಗೆ ಹೋಗುವುದು, ಈ ಗಾದಿ ಇಲ್ಲದೆ ಅಲ್ಲಿ ಒಂದು ರಾತ್ರಿ ಮಲಗುವುದು. ನಿದ್ದೆ ಬಂದರೆ ವಿಯೆನ್ನಾ, ಬರದಿದ್ದರೆ ವಾಷಿಂಗ್ ಮಷಿನ್. ಅದಾದ ಮೇಲೆ ಅವಳು ಜನ್ಮದಲ್ಲಿ ಯಾವ ಊರಿನ ಮಾತೂ ಎತ್ತುವುದಿಲ್ಲ. "ಯಶೋಧಾ ಸಾಕ್ಷಿ. ನಾಳೆ ನೀವು ಸುಳ್ಳ ಹೇಳಬಾರದು" ಎಂದು ನನ್ನನ್ನೂ ಹೊರಡಿಸಿದಳು. ನನಗೂ ಒಂದು ರಾತ್ರಿ ಹತ್ತಿಯಿಂದ ಬಿಡುವು ಬೇಕಿತ್ತು.

ದೇವರ ಹಿಪ್ಪರಗಿ ದಾಟಿ ಬಾಗೇವಾಡಿ ಮುಟ್ಟುವಾಗ ಹೊತ್ತು ಮುಳುಗಿತ್ತು. ಮುಬೀನಾಳಿಗೆ ನಂಬಿಕೆಯೇ ಬರಲಿಲ್ಲ. "ಭಾವಾರು ವಸ್ತಿ ಇರ್ತಾರಾ? ಖರೇನ?" ಎಂದು ಅಕ್ಕನನ್ನು ಕೇಳಿದಳು, ಸಾಲದ್ದಕ್ಕೆ ನನ್ನನ್ನೂ ಕೇಳಿದಳು. ಅವಳ ಗಂಡ ಜಾಹಿದ ತೊಗರಿ ವ್ಯಾಪಾರದವನು, ಸಾಧು ಮನುಷ್ಯ. ಊಟ ಗಡದ್ದಾಗಿ ಆಯಿತು. ಕಡೆಯ ಬಸ್ಸಿನ ಹೊತ್ತಿಗೆ ಇಸಾಕಣ್ಣನ ಕೈ ಗಡಿಯಾರದ ಕಡೆ ಹೋಯಿತು, ಅಬಿದಕ್ಕ ಕೆಮ್ಮಿದಳು, ಕೈ ಕೆಳಗೆ ಬಂತು.

ನಮ್ಮ ಕಡೆ ನೆಂಟರು ಬಂದರೆ ಮಲಗುವ ಪದ್ಧತಿ ಒಂದೇ. ಗಂಡಸರು ಪಡಸಾಲೆಯಲ್ಲಿ, ಹೆಂಗಸರು ಒಳಗೆ. ನಮ್ಮ ಮನೆಯಲ್ಲೂ ಹಾಗೇ, ಮುಬೀನಾಳ ಮನೆಯಲ್ಲೂ ಹಾಗೇ. ಯಾರೂ ಯಾರನ್ನೂ ಕೇಳುವುದಿಲ್ಲ, ಹಾಸಿಗೆ ಹಾಸುವವರ ಕೈಗೇ ಅದು ಗೊತ್ತಿರುತ್ತದೆ. ನಾವು ಮೂವರು ಹೆಂಗಸರು ಒಳಕೋಣೆಯಲ್ಲಿ ಸಾಲಾಗಿ ಮಲಗಿದೆವು, ನನ್ನ ಪಕ್ಕದಲ್ಲಿ ಅಬಿದಕ್ಕ. ಆ ರಾತ್ರಿ ನನಗೂ ಕಣ್ಣು ಹತ್ತಲಿಲ್ಲ. ಕಾರಣವನ್ನು ಯಾರಿಗೂ ಹೇಳಬಾರದು, ಸ್ನೇಹದ ಮಾತು ಎಂದುಕೊಂಡಿದ್ದೆ.

ಬೆಳಿಗ್ಗೆ ಪಡಸಾಲೆಗೆ ಬಂದರೆ ಇಸಾಕಣ್ಣ ಗಾದಿಯ ಮೇಲೆ ಮೊಳಕಾಲು ಕಟ್ಟಿಕೊಂಡು ಕೂತಿದ್ದ. ಕಣ್ಣು ಕೆಂಪಗಾಗಿದ್ದವು. ಏನಾಯಿತೆಂದು ಕೇಳುವುದೇ ಬೇಕಿರಲಿಲ್ಲ. ಅಬಿದಕ್ಕ ಬಾಗಿಲಲ್ಲೇ ನಿಂತುಬಿಟ್ಟಳು.

"ಜಾಹಿದ" ಎಂದು ಇಸಾಕಣ್ಣ ಗಾದಿಗೆ ಗುದ್ದಿದ. "ಯಾವ ಕತ್ತೆ ತುಂಬಿದ್ದಪಾ ಇದನ್ನ? ನಡಕ ಗುಡ್ಡಾ, ಆಜೂಬಾಜೂ ತಗ್ಗು! ಇಂಥಾವನ ಕೈಯಾಗ ಹತ್ತಿ ಕೊಟ್ಟವರನ್ನ ಮದಲ ಬೈಬೇಕು."

ಜಾಹಿದ ಹೆಂಡತಿಯ ಮುಖ ನೋಡಿದ. ಮುಬೀನಾ ಚಹಾದ ತಟ್ಟೆಯನ್ನು ಕೆಳಗಿಟ್ಟು ಒಳಗೆ ಹೋಗಿ ಕತ್ತರಿ ತಂದಳು. ಗಾದಿಯ ಮೇಲಿನ ಬಟ್ಟೆಯ ಮೂಲೆಯ ಹೊಲಿಗೆಯನ್ನು ಟಕಟಕ ಬಿಚ್ಚಿದಳು. ಒಳಗೆ ಹಳೆಯ ಬಟ್ಟೆ, ಅದರ ಮೂಲೆಯಲ್ಲಿ ಕೆಂಪು ದಾರದ ಗಂಟು.

"ಈ ಕತ್ತೆ ರಿ ಭಾವಾರ" ಎಂದಳು. "ನನ್ನ ಮದುವಿಗೆ ನೀವ ಕೊಟ್ಟಿದ್ದು. ಮ್ಯಾಲೆ ಹೊಸಾ ಅರಿವಿ ಅಷ್ಟ ಹಾಕೇವಿ."

ಇಸಾಕಣ್ಣ ಆ ಗಂಟನ್ನು ಮುಟ್ಟಿ ನೋಡಿದ. ನನಗೆ ನಗು ಬಂದು ಪ್ರಾಣ ಹೋಗುತ್ತಿತ್ತು. ಆದರೆ ಮುಬೀನಾ ನಗುತ್ತಿರಲಿಲ್ಲ. "ಇಷ್ಟ ವರ್ಷ ಆತು, ಹಿಂದ ಒಂದ ಸಲ ಇದ್ದದ್ದು ಬಿಟ್ರ ನಮ್ಮಕ್ಕ ನನ್ನ ಮನ್ಯಾಗ ಒಂದ ರಾತ್ರಿ ಇರಲಿಲ್ಲ. ಗಾದಿ ಸರಿ ಇಲ್ಲಂತ ಎಬ್ಬಿಸಿಕೊಂಡು ಹೋದ್ರಿ. ನಾ ಎಷ್ಟ ನೊಂದೇನಿ ಗೊತ್ತೈತೇನ್ರಿ ನಿಮಗ?"

ಅಬಿದಕ್ಕನಿಗೆ ಆಗ ಹೊಳೆಯಿತು. "ಇಂಡ್ಯಾಗಿಂದೂ ನೀವ ಮಾಡಿದ್ದು. ಮುದ್ದೇಬಿಹಾಳದ್ದೂ ನೀವ ಮಾಡಿದ್ದು!"

"ಗಾದಿ ಅಷ್ಟ ಅಲ್ಲ" ಎಂದು ಇಸಾಕಣ್ಣ ತಡವರಿಸಿದ. "ಇಲ್ಲಿ ಎಮ್ಮಿ ಒದರತೈತಿ."

"ಎಮ್ಮಿ ಮಾರಿ ಭಾಳ ವರ್ಷ ಆತು ಭಾಯಿ" ಎಂದ ಜಾಹಿದ.

"ಪಂಖಾದ ಸಪ್ಪಳಾ."

"ರಾತ್ರಿ ಕರೆಂಟ ಇರಲಿಲ್ಲರಿ. ಪಂಖಾ ತಿರುಗೇ ಇಲ್ಲ" ಎಂದಳು ಮುಬೀನಾ.

ಅಬಿದಕ್ಕ ಕಣ್ಣು ಒರೆಸಿಕೊಂಡಳು. ಅವಳ ಧ್ವನಿ ಕೇಳಿ ನನ್ನ ನಗು ಅಲ್ಲೇ ಅಡಗಿತು. "ನನ್ನ ಜೋಡಿ ಹೋಗಾಕ ಮನಸಿಲ್ಲಂದ್ರ ಹಂಗ ಹೇಳ್ರಿ. ವಾಷಿಂಗ್ ಮಷಿನ್ ತಗೊಳ್ಳೂಣು. ಗಾದಿ ಮ್ಯಾಲೆ, ಎಮ್ಮಿ ಮ್ಯಾಲೆ ಹಾಕಬ್ಯಾಡ್ರಿ."

ಇಸಾಕಣ್ಣ ಬೆಚ್ಚಿಬಿದ್ದ. ಅವನು ಹೀಗೆ ಮುಖ ಸಪ್ಪಗೆ ಮಾಡಿದ್ದನ್ನು ನಾನು ಯಾವತ್ತೂ ನೋಡಿರಲಿಲ್ಲ. "ಹಂಗಲ್ಲ" ಎಂದ. "ಎಲ್ಲಿ ಹೋದ್ರೂ ನೀ ಇರಂಗಿಲ್ಲ. ಅದಕ್ಕ."

"ನಾ ಎಲ್ಲಿ ಹೋಗಿರ್ತೇನಿ? ಒಳಗ ಇರ್ತೇನಲ್ಲ."

"ಅದ. ನೀ ಒಳಗ, ನಾ ಪಡಸಾಲ್ಯಾಗ. ನಿನ್ನ ಸಪ್ಪಳಾ ಕೇಳಂಗಿಲ್ಲ."

"ಯಾವ ಸಪ್ಪಳಾ?"

ಅವನು ಜಾಹಿದನ ಕಡೆ ನೋಡಿದ, ನನ್ನ ಕಡೆ ನೋಡಿದ, ಕೊನೆಗೆ ಗಾದಿಯ ಕೆಂಪು ಗಂಟಿಗೆ ಹೇಳಿದ. "ಗೊರಕಿ."

ಅಬಿದಕ್ಕನ ಕಣ್ಣೀರು ನಿಂತಲ್ಲೇ ಆರಿತು. "ಯಾರ ಗೊರಕಿ?"

"ನಿಂದ. ಅದು ಕೇಳಾಕತ್ತಿದ್ರ ನನಗ ನಿದ್ದಿ ಹತ್ತತೈತಿ, ಮಷಿನ್ ಚಾಲೂ ಇದ್ದಂಗ. ನಿಂತ್ರ ಎಚ್ಚರಾಗತೈತಿ. ಮಂದಿ ಮುಂದ ಹೆಂಗ ಹೇಳಲಿ? ಅದಕ್ಕ ಗಾದಿ ಅಂದೆ."

"ನಾ ಗೊರಕಿ ಹೊಡಿತೇನಿ?" ಅಬಿದಕ್ಕ ನನ್ನ ಕಡೆ ತಿರುಗಿದಳು. "ಯಶೋಧಾ, ನೀ ನನ್ನ ಬಾಜೂಕ ಮಲಗಿದ್ದಿ. ಇವರು ಸುಳ್ಳ ಹೇಳಾಕತ್ತಾರ. ಹೇಳು!"

ಸಾಕ್ಷಿ ಹೇಳಲೆಂದೇ ನನ್ನನ್ನು ಕರೆತಂದಿದ್ದರು. ಏನು ಮಾಡಲಿ? "ಅಕ್ಕಾ" ಎಂದೆ, "ಇಸಾಕಣ್ಣನ ಮಷಿನ್ ರಾತ್ರಿ ಬಂದ್ ಆದ್ರೂ ಆಗತೈತಿ."

ಜಾಹಿದ ಚಹಾ ಉಗುಳಿದ. ಮುಬೀನಾ ಗೋಡೆ ಹಿಡಿದುಕೊಂಡು ನಕ್ಕಳು. ಅಬಿದಕ್ಕ ಮಾತ್ರ ಗಂಡನ ಜೊತೆಗೂ ನನ್ನ ಜೊತೆಗೂ ಮಾತು ಬಿಟ್ಟಳು. ಬಸ್ಸಿನಲ್ಲಿ ಕಿಟಕಿಯ ಕಡೆ ಮುಖ ಮಾಡಿ ಕೂತವಳು ದೇವರ ಹಿಪ್ಪರಗಿ ಬಂದ ಮೇಲೆ ಗಂಡನ ಕಡೆ ತಿರುಗಿದಳು.

"ಜೋರ ಹೊಡಿತೇನೇನ್ರಿ?"

"ಸಣ್ಣಂಗ" ಎಂದ ಇಸಾಕಣ್ಣ. ಇಷ್ಟು ದೊಡ್ಡ ಸುಳ್ಳನ್ನು ನಾನು ಸಿಂದಗಿಯಲ್ಲಿ ಯಾರ ಬಾಯಲ್ಲೂ ಕೇಳಿಲ್ಲ.

ಸೋಮವಾರ ಇಬ್ಬರೂ ವಿಯೆನ್ನಾದ ಅರ್ಜಿ ತುಂಬಿಸಲು ನನ್ನ ಅಂಗಡಿಗೆ ಬಂದರು, ವಾಷಿಂಗ್ ಮಷಿನ್ನಿನ ಷರತ್ತನ್ನು ಅಬಿದಕ್ಕನೇ ಮರೆತಿದ್ದಳು. ಅವನ ಹೆಗಲ ಮೇಲೆ ಗಾದಿ ಇರಲಿಲ್ಲ. ಪ್ರವಾಸಕ್ಕೆಂದು ಮಾಡಿದ್ದನ್ನು ಬಾಗೇವಾಡಿಗೆ ಕಳಿಸಿ, ಹಳೆಯದನ್ನು ಹೊಸದಾಗಿ ಹಿಂಜಲು ತರಿಸಿಕೊಂಡಿದ್ದ. ಪರದೆ ಮಾತ್ರ ಇನ್ನೂ ಕಟ್ಟಿರಲಿಲ್ಲ. ಅರ್ಜಿಯಲ್ಲಿ ಹೋಟೆಲಿನ ವಿಚಾರ ಬಂದಾಗ, ಒಂದು ದೊಡ್ಡ ಮಂಚ ಬೇಕೋ ಎರಡು ಸಣ್ಣವು ಬೇಕೋ ಎಂದು ಕೇಳಿದೆ.

"ಎಂಥಾದ್ದರ ಇರಲಿ, ಖೋಲಿ ಒಂದ ಇರಲಿ" ಎಂದ ಇಸಾಕಣ್ಣ. ಮತ್ತೆ, "ಗೋಡಿ ದಪ್ಪ ಇದ್ದಿದ್ದ ನೋಡು ತಂಗಿ. ಬಾಜೂಕ ಮಂದಿ ಇರ್ತಾರ" ಎಂದ. ಅಬಿದಕ್ಕ ಅವನ ತೋಳಿಗೆ ಚಿವುಟಿದಳು.

ಮೊದಲ ದಿನ ಅರಮನೆ ಎಂದು ಬರೆದುಕೊಂಡೆ. ಚಿತ್ರ ಬರೆದ ಚಾವಣಿ ನೋಡಿ, ಮ್ಯೂಜಿಯಮ್ ಮುಗಿಸಿ, ಸಂಜೆ ಊರೊಳಗೆ ಸುಮ್ಮನೆ ತಿರುಗುವುದು, ಎಷ್ಟು ಹೊತ್ತಾದರೂ ಸರಿ ಎಂದು ಅಬಿದಕ್ಕ ಹೇಳಿದಳು. ಇಸಾಕಣ್ಣ ಮತ್ತೆ ಆ ಕಬ್ಬಿಣದ ಮಂಚದ ಚಿತ್ರ ತೆಗೆಸಿದ. ಈ ಸಲ ನಗಲಿಲ್ಲ.

"ಇವನ ರಾಣಿ ಎಲ್ಲಿ ಮಲಗ್ತಿದ್ಲು?"

ನಾನು ಹುಡುಕಿ ನೋಡಿದೆ. "ಆಕಿ ಖೋಲಿ ಬ್ಯಾರೆ ಇತ್ತಂತ ಅಣ್ಣಾ."

ಅವನು ಕನ್ನಡಕ ಏರಿಸಿಕೊಂಡು ಆ ಚಿತ್ರವನ್ನು ಇನ್ನೊಮ್ಮೆ ನೋಡಿದ.

"ಪಾಪ" ಎಂದ. "ಅಷ್ಟ ದೊಡ್ಡ ಮನ್ಯಾಗ ಆ ಮನಿಶ್ಯಾಗ ನಿದ್ದಿ ಹೆಂಗ ಹತ್ತಿರಬೇಕು?"

"ಆ ಖೋಲಿ ಮುಂದ ಒಂದ ಘಳಿಗಿ ಹೆಚ್ಚ ನಿಲ್ಲೂಣು ತಗೋರಿ" ಎಂದಳು ಅಬಿದಕ್ಕ.