ಇದ್ದಾನೋ ಇಲ್ಲೋ ಎಂದು ಕೇಳದ ಬಿಸ್ಮಿಲ್ಲಾ

ಬೆಳಕು ಹರಿಯುವ ಮುಂಚೆಯೇ ಬಿಸ್ಮಿಲ್ಲಾ ಹೆರಿಗೆ ಆಸ್ಪತ್ರೆಯ ಜಗುಲಿ ಗುಡಿಸಿ ಜಮಖಾನ ಹಾಸುತ್ತಾಳೆ. ಕಲಬುರಗಿಯ ಈ ಆಸ್ಪತ್ರೆಯಲ್ಲಿ ಆಕೆ ಹಿರಿಯ ಆಯಾ. ಕೆಲಸ ಕೇಳಿ ಬಂದ ಹೆಂಗಸರನ್ನು ಮಾತನಾಡಿಸಿ ಆರಿಸುವುದೂ ಆಕೆಯ ಪಾಲಿನದೇ. ಇವತ್ತು ಒಬ್ಬಳು ಬೇಕಾಗಿದ್ದಾಳೆ.

"ಕೂಸು ಸಂಬಾಳ್ಸಾಕ ಬರ್ತದೇನು ಅಂತ ಕೇಳಬಾರದ್ರಿ. ಎಲ್ಲಾರೂ ಹೂಂ ಅಂತಾರ. ಹೊಟ್ಟಿ ಹೂಂ ಅನಸ್ತದ" ಎನ್ನುತ್ತಾಳೆ.

ಮಹಾಗಾಂವದಿಂದ ಬಂದವಳು ಕೂರುವ ಮೊದಲೇ ಶುರುಮಾಡುತ್ತಾಳೆ: "ನನಗ ಎಲ್ಲಾ ಬರ್ತದ್ರಿ."

"ಹಾಂಗಾರ ಡಾಕ್ಟರಮ್ಮಗ ಸೂಟಿ ಕೊಡಲೇನವ್ವಾ?"

ಅವಳೂ ನಗುತ್ತಾಳೆ. ಆಮೇಲಿನ ಸರದಿ ಕಮಲಾಪುರದ ಬಂಡೆಮ್ಮನದು.

"ಅಳೂದು ನಿಲ್ಲಿಸದ ಕೂಸಿನ್ನ ಯಾವಾಗರ ಎತ್ತಿದ್ದೇನು? ಆವಾಗ ಏನು ಮಾಡಿದಿ?"

"ಮೊದಲ ನಾನೂ ಅತ್ತೆನ್ರಿ" ಎನ್ನುತ್ತಾಳೆ ಬಂಡೆಮ್ಮ. "ಆಮ್ಯಾಲ ಬಟ್ಟಿ ಬಿಚ್ಚಿ ನೋಡಿದೆ. ಇರವಿ ಕಡದಿತ್ತು."

ಬಿಸ್ಮಿಲ್ಲಾಳ ಮುಖ ಅರಳುತ್ತದೆ. ಅಷ್ಟರಲ್ಲಿ ಗುಮಾಸ್ತ ದತ್ತಪ್ಪ ಬಾಗಿಲಿನಿಂದ ಕೇಳುತ್ತಾನೆ: "ಗಂಡ ಇದ್ದಾನೇನು?"

ಬಂಡೆಮ್ಮ ಕೈಬಳೆ ತಿರುವುತ್ತಾಳೆ.

"ಇದ್ದಾನೋ ಇಲ್ಲೋ ಅನ್ನಾಕ ಏನು ಧಾಡಿ? ಇಂಥಾಕಿ ನಾಳೆ ಡಾಕ್ಟರಮ್ಮಗ ಏನು ಜವಾಬು ಕೊಡ್ತಾಳ? ಮುಂದಿನಾಕೀನ ಕರೀರಿ" ಎನ್ನುತ್ತಾನೆ ದತ್ತಪ್ಪ.

ನಿಜಾಮರ ರಾಜ್ಯಕ್ಕೆ ಸೈನ್ಯ ನುಗ್ಗಿ ಪೊಲೀಸ್ ಆ್ಯಕ್ಷನ್ ಆದ ವರ್ಷ ಇದೇ ಪ್ರಶ್ನೆ ಬಿಸ್ಮಿಲ್ಲಾಳನ್ನು ಕೆಲಸ ಕೇಳಿ ಹೋದ ಬೇರೊಂದು ಕಡೆಯಿಂದ ವಾಪಸು ಕಳಿಸಿತ್ತು. ಊರಿನ ರೋಜಾ ಓಣಿಯಲ್ಲಿ ಟಾಂಗಾ ಹೊಡೆಯುತ್ತಿದ್ದ ಗಂಡ ಬುರ್ಹಾನುದ್ದೀನ್ ಆ ಗಡಿಬಿಡಿಯಲ್ಲಿ ಹುಮನಾಬಾದ ಕಡೆ ಬಾಡಿಗೆ ಹೋದವನು ತಿರುಗಿ ಬಂದಿಲ್ಲ, ಸುದ್ದಿಯೂ ಇಲ್ಲ. ಇದ್ದಾನೆ ಎಂದರೆ ಎಲ್ಲಿ ಎನ್ನುತ್ತಾರೆ. ಇಲ್ಲ ಎನ್ನಲು ನಾಲಿಗೆ ಏಳುವುದಿಲ್ಲ. ಆಕೆಯ ಕೈಯಲ್ಲಿ ಇನ್ನೂ ಹಸಿರು ಬಳೆಗಳಿವೆ. ಬಂಡೆಮ್ಮನ ಕೈಯಲ್ಲೂ ಇವೆ.

"ತಡೀರಿ ದತ್ತಪ್ಪಾರ. ಆಕಿ ಸಂಬಾಳ್ಸೂದು ಕೂಸಿನ್ನ, ಗಂಡನ್ನಲ್ಲ" ಎನ್ನುತ್ತಾಳೆ ಬಿಸ್ಮಿಲ್ಲಾ. "ನನಗ ಬೇಕಾದ ಜವಾಬು ಕೊಟ್ಟಾಳ. ಈಕೀನ ಇರ್ಲಿ."

ದತ್ತಪ್ಪ ಗೊಣಗುತ್ತ ಒಳಗೆ ಹೋಗುತ್ತಾನೆ. ಬಂಡೆಮ್ಮ ಸೆರಗು ಸಿಕ್ಕಿಸಿಕೊಂಡು ಕೂಸುಗಳ ಕೋಣೆಗೆ ನಡೆಯುತ್ತಾಳೆ.

ಇಷ್ಟು ಮಂದಿಯನ್ನು ಕೇಳುವ ಬಿಸ್ಮಿಲ್ಲಾಗೆ ತನ್ನನ್ನೂ ಯಾರಾದರೂ ಕೇಳಲಿ ಎಂಬ ಆಸೆಯಿದೆ.

"ನಮ್ಮ ಮನಿಯವ್ರು ಇದ್ದಾರೋ ಇಲ್ಲೋ ಅಂತ ಊರೆಲ್ಲಾ ಕೇಳ್ಯಾದ. ಹ್ಯಾಂಗಿದ್ರು ಅಂತ ಒಬ್ಬರೂ ಕೇಳಿಲ್ಲ. ಕೇಳಿದ್ರ, ಹೊತ್ತು ಮುಳಗೂತನಾ ಹೇಳ್ತೀನ್ರಿ."